ಮದ್ದು ಕೊಡುವ ಕೈಗೂ ವಿದ್ಯೆ ಬೇಕೆಂದ ಸರ್ ರಾಮನಾಥ ಚೋಪ್ರಾ

ಅರುವತ್ತು ದಾಟಿದ ನಮ್ಮ ಓದುಗರಲ್ಲಿ ಹಳೆಯ ಕಾಲದ ಕಂಪೌಂಡರರನ್ನು ಮರೆತವರು ವಿರಳ. ಡಾಕ್ಟರರ ಕೋಣೆಯ ಪಕ್ಕದಲ್ಲಿ ಹಲಗೆಯ ಅಡ್ಡಗೋಡೆ, ಅದರಲ್ಲೊಂದು ಚಿಕ್ಕ ಕಿಂಡಿ, ಕಿಂಡಿಯಾಚೆ ಸಾಲಾಗಿ ನಿಂತ ಗಾಜಿನ ಜಾಡಿಗಳು. ಮನೆಯಿಂದ ತೊಳೆದು ತಂದ ಬಾಟ್ಲಿಯನ್ನು ಕಿಂಡಿಯೊಳಗೆ ನೀಡಿದರೆ, ಅದರಲ್ಲಿ ಮಿಕ್ಸ್ಚರ್ ತುಂಬಿ, ಅಂಚಿನಲ್ಲಿ ಕಚ್ಚು ಹಾಕಿದ ಕಾಗದದ ಪಟ್ಟಿಯೊಂದನ್ನು ಬಾಟ್ಲಿಯ ಮೈಗೆ ಅಂಟಿಸಿ ಅವರು ಮರಳಿ ಕೊಡುತ್ತಿದ್ದರು. ಪಟ್ಟಿಯ ಒಂದೊಂದು ಕಚ್ಚು ಒಂದೊಂದು ಹೊತ್ತಿನ ಅಳತೆ. ಅಕ್ಷರ ಬಾರದ ಅಜ್ಜಿಗೂ ಆ ಲೆಕ್ಕ ತಿಳಿಯುತ್ತಿತ್ತು. ಊಟಕ್ಕೆ ಮೊದಲೋ, ಊಟದ ಮೇಲೋ, ಪಥ್ಯವೇನು ಎಂಬುದನ್ನು ಅವರ ಬಾಯಿಂದಲೇ ಕೇಳಿಕೊಂಡು ಮನೆಗೆ ಹೋಗುವುದು ರೂಢಿಯಾಗಿತ್ತು.

ರೋಗವನ್ನು ಗುರುತಿಸುವವರು ಡಾಕ್ಟರರು. ಆದರೆ ರೋಗಿಯ ಹೊಟ್ಟೆಗೆ ಹೋಗುವ ಮದ್ದನ್ನು ಅಳೆದು ಕೊಡುವ ಕೈ ಮಾತ್ರ ಬೇರೆಯದು. ಆ ಕೈ ಒಂದು ಅಳತೆ ತಪ್ಪಿದರೆ ಗತಿ ಏನು? ಅದಕ್ಕೆ ಕಲಿಸಿದವರು ಯಾರು, ಪರೀಕ್ಷೆ ಮಾಡಿದವರು ಯಾರು, ತಪ್ಪಿದರೆ ಕೇಳುವವರು ಯಾರು? ಈ ಪ್ರಶ್ನೆಗಳನ್ನು ಇಡೀ ಭಾರತದ ಮಟ್ಟದಲ್ಲಿ ವಿಚಾರಿಸಿ, ಸರಕಾರದ ಮುಂದೆ ಉತ್ತರವನ್ನೂ ಇಟ್ಟವರು ಸರ್ ರಾಮನಾಥ ಚೋಪ್ರಾ. ಅವರು ಹುಟ್ಟಿದ್ದು ದೂರದ ಪಂಜಾಬಿನಲ್ಲಿ, ಕೆಲಸ ಮಾಡಿದ್ದು ಕಲ್ಕತ್ತೆಯಲ್ಲಿ. ಆದರೂ ಅವರು ಹಾಕಿದ ಬೀಜದ ಫಲ ನಮ್ಮ ಕಾಸರಗೋಡಿಗೂ, ನಮ್ಮಂತೆಯೇ ಗಡಿಯಾಚೆ ಉಳಿದ ಜಹೀರಾಬಾದ್, ನಾರಾಯಣಖೇಡ, ತಾಂಡೂರಿನ ಕನ್ನಡಿಗರಿಗೂ ಹೇಗೆ ಮುಟ್ಟಿತೆಂಬುದನ್ನು ಅವರ ಜೀವನದೊಡನೆ ತಿಳಿದುಕೊಳ್ಳುವುದು ಯೋಗ್ಯವಾಗಿದೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ರಾಮನಾಥ ಚೋಪ್ರಾ 1882ನೇ ಇಸವಿ ಆಗಸ್ಟ್ 17ರಂದು ಗುಜ್ರನ್‌ವಾಲಾ ಎಂಬಲ್ಲಿ ಜನಿಸಿದರು. ಅವಿಭಕ್ತ ಪಂಜಾಬಿನ ಆ ಊರು ಈಗ ಪಾಕಿಸ್ತಾನದಲ್ಲಿದೆ. ಲಾಹೋರಿನ ಸರಕಾರಿ ಕಾಲೇಜಿನಲ್ಲಿ ಓದಿದ ತರುವಾಯ ಅವರು ಇಂಗ್ಲೆಂಡಿಗೆ ತೆರಳಿ ಕೇಂಬ್ರಿಜ್ ವಿಶ್ವವಿದ್ಯಾಲಯವನ್ನು ಸೇರಿದರು. ಪ್ರಕೃತಿ ವಿಜ್ಞಾನದಲ್ಲಿ ಪದವಿ ಪಡೆದು, ವೈದ್ಯಶಾಸ್ತ್ರದಲ್ಲಿಯೂ ತೇರ್ಗಡೆಯಾದರು. ಅಲ್ಲಿ ಪ್ರಾಧ್ಯಾಪಕ ಡಿಕ್ಸನ್ ಎಂಬವರ ಕೈಕೆಳಗೆ ಅವರಿಗೆ ಫಾರ್ಮಕಾಲಜಿಯ ರುಚಿ ಹತ್ತಿತು. ಔಷಧವು ದೇಹದೊಳಗೆ ಹೋದ ಮೇಲೆ ಏನು ಮಾಡುತ್ತದೆ, ಎಷ್ಟು ಪ್ರಮಾಣದಲ್ಲಿ ಗುಣ, ಎಷ್ಟು ಮೀರಿದರೆ ವಿಷ ಎಂಬುದನ್ನು ಪ್ರಯೋಗದಿಂದ ಅರಿಯುವ ಶಾಸ್ತ್ರ ಅದು. ಆಗ ಭಾರತದಲ್ಲಿ ಈ ಶಾಸ್ತ್ರಕ್ಕೆ ಹೇಳಿಕೊಳ್ಳುವಂಥ ನೆಲೆ ಇರಲಿಲ್ಲ.

1908ರಲ್ಲಿ ಅವರು ಇಂಡಿಯನ್ ಮೆಡಿಕಲ್ ಸರ್ವಿಸನ್ನು ಸೇರಿದರು. ಅದು ಸೈನ್ಯದ ವೈದ್ಯಾಧಿಕಾರಿಗಳ ಪಡೆ. ಅದರಲ್ಲಿ ಭಾರತೀಯರು ಬೆರಳೆಣಿಕೆಯಷ್ಟಿದ್ದ ಕಾಲ. ಮೊದಲನೆಯ ಮಹಾಯುದ್ಧದಲ್ಲಿ ಪೂರ್ವ ಆಫ್ರಿಕದ ರಣರಂಗದಲ್ಲಿ ದುಡಿದರು. ಯುದ್ಧ ಮುಗಿದ ಮೇಲೆ 1921ರಲ್ಲಿ ಕಲ್ಕತ್ತೆಯ ಉಷ್ಣವಲಯ ವೈದ್ಯಶಾಲೆ ಅವರನ್ನು ಫಾರ್ಮಕಾಲಜಿಯ ಪ್ರಾಧ್ಯಾಪಕರನ್ನಾಗಿ ಬರಮಾಡಿಕೊಂಡಿತು. ಅಲ್ಲಿಂದ ಇಪ್ಪತ್ತು ವರ್ಷ ಕಲ್ಕತ್ತೆಯೇ ಅವರ ಕರ್ಮಭೂಮಿ. ಮುಂದೆ ಆ ಸಂಸ್ಥೆಯ ನಿರ್ದೇಶಕರೂ ಆದರು.

ಹಳ್ಳಿಯ ವೈದ್ಯರು ಬಳಸುವ ಬೇರು, ತೊಗಟೆ, ಎಲೆಗಳನ್ನು ತರಿಸಿ, ಅವುಗಳಲ್ಲಿ ನಿಜವಾಗಿ ಗುಣವಿದೆಯೇ, ಇದ್ದರೆ ಯಾವ ಅಂಶದಿಂದ ಎಂದು ಪ್ರಯೋಗಶಾಲೆಯಲ್ಲಿ ಒರೆಗೆ ಹಚ್ಚುವುದು ಅವರ ಮುಖ್ಯ ಕೆಲಸವಾಯಿತು. ನಮ್ಮ ಘಟ್ಟದ ಕಾಡಿನಲ್ಲಿಯೂ ಬೆಳೆಯುವ ಸರ್ಪಗಂಧಿಯ ಬೇರು ರಕ್ತದೊತ್ತಡವನ್ನು ಇಳಿಸುತ್ತದೆಂಬುದನ್ನು ಅವರು ಮತ್ತು ಅವರ ಸಂಗಡಿಗರು 1933ರಲ್ಲಿ ಪ್ರಕಟಿಸಿದರು. ಜಗತ್ತು ಆ ಬೇರಿನ ಬೆಲೆಯನ್ನು ಅರಿತದ್ದು ಸುಮಾರು ಹದಿನಾರು ವರ್ಷಗಳ ಮೇಲೆ, ಮುಂಬಯಿಯ ಡಾ. ರುಸ್ತುಂ ವಕೀಲರ ಲೇಖನ ವಿದೇಶೀ ಪತ್ರಿಕೆಯಲ್ಲಿ ಬಂದಾಗ. ದೇಶೀಯ ಔಷಧಗಳನ್ನು ಕುರಿತ ಚೋಪ್ರಾರ ದೊಡ್ಡ ಗ್ರಂಥವೂ 1933ರಲ್ಲೇ ಹೊರಬಂದಿತು.

ಮದ್ದಿನ ಪೇಟೆಯ ಅವ್ಯವಸ್ಥೆ

ಪ್ರಯೋಗಶಾಲೆಯೊಳಗೆ ಹೀಗೆ ಸೂಕ್ಷ್ಮ ತೂಕ ನಡೆಯುತ್ತಿದ್ದರೆ, ಹೊರಗಿನ ಪೇಟೆಯಲ್ಲಿ ತೂಕವೂ ಇರಲಿಲ್ಲ, ಕೇಳುವವರೂ ಇರಲಿಲ್ಲ. ಹೊರದೇಶಗಳಿಂದ ಬಂದು ಬೀಳುವ ಔಷಧಗಳಲ್ಲಿ ಯಾವುದು ಸಾಚಾ, ಯಾವುದು ಸತ್ತ್ವಹೀನ ಎಂದು ನೋಡುವ ಏರ್ಪಾಡು ಬ್ರಿಟಿಷ್ ಇಂಡಿಯಾದಲ್ಲಿ ಇರಲಿಲ್ಲ. ಮಲೇರಿಯಕ್ಕೆ ಇದ್ದ ಒಂದೇ ಆಸರೆಯಾದ ಕ್ವಿನೈನಿನಲ್ಲಿಯೇ ಕಲಬೆರಕೆ ನಡೆಯುತ್ತಿತ್ತು. ಘಟ್ಟದ ಬುಡದ ಊರುಗಳಲ್ಲಿ ವರುಷ ವರುಷವೂ ಚಳಿಜ್ವರದಿಂದ ನರಳಿದ ಹಿರಿಯರ ಕಥೆ ಕೇಳಿದವರಿಗೆ ಇದರ ಅರ್ಥವಾದೀತು. ಮಾತ್ರೆಯನ್ನು ನುಂಗಿಯೂ ಜ್ವರ ಬಿಡದಿದ್ದರೆ ಬಡವನು ಹಣೆಬರಹವನ್ನು ಹಳಿಯುತ್ತಾನೆಯೇ ವಿನಾ ಮಾತ್ರೆಯನ್ನಲ್ಲ.

1927ರಲ್ಲಿ ಕೌನ್ಸಿಲ್ ಆಫ್ ಸ್ಟೇಟಿನಲ್ಲಿ ಹರೂನ್ ಜಾಫರ್ ಎಂಬ ಸದಸ್ಯರು ಔಷಧಗಳ ಹತೋಟಿಗೆ ಕಾನೂನು ಬೇಕೆಂದು ನಿರ್ಣಯ ತಂದರು. ಕೊನೆಗೆ 1930ರ ಆಗಸ್ಟ್ 11ರಂದು ಭಾರತ ಸರಕಾರವು ಔಷಧ ವಿಚಾರಣಾ ಸಮಿತಿಯನ್ನು ನೇಮಿಸಿ, ಅದರ ಅಧ್ಯಕ್ಷತೆಯನ್ನು ಲೆಫ್ಟಿನೆಂಟ್ ಕರ್ನಲ್ ಚೋಪ್ರಾ ಅವರಿಗೆ ಒಪ್ಪಿಸಿತು. ಸಮಿತಿಯು ವೈದ್ಯರು, ಔಷಧ ವ್ಯಾಪಾರಿಗಳು, ತಯಾರಕರು ಮೊದಲಾದವರಿಂದ ಸಾಕ್ಷ್ಯ ಸಂಗ್ರಹಿಸಿ 1931ರಲ್ಲಿ ವರದಿಯನ್ನು ಒಪ್ಪಿಸಿತು.

ಔಷಧದ ಕಲಬೆರಕೆಯ ವಿಚಾರಣೆಗೆಂದು ನೇಮಕವಾದ ಸಮಿತಿ ಕೇವಲ ಔಷಧವನ್ನಷ್ಟೇ ನೋಡಿ ಕೈತೊಳೆದುಕೊಳ್ಳಬಹುದಿತ್ತು. ಚೋಪ್ರಾ ಹಾಗೆ ಮಾಡಲಿಲ್ಲ. ಶುದ್ಧವಾದ ಮದ್ದನ್ನೇ ತಂದರೂ ಅದನ್ನು ಬೆರೆಸಿ ಕೊಡುವವನಿಗೆ ತಿಳಿವಳಿಕೆ ಇಲ್ಲದಿದ್ದರೆ ಮದ್ದೇ ವಿಷವಾಗುತ್ತದೆಂಬುದು ಅವರ ಶಾಸ್ತ್ರದ ಮೊದಲ ಪಾಠ. ಆದ್ದರಿಂದ ಸಮಿತಿಯು ಮದ್ದು ಕೊಡುವ ಕೈಯನ್ನೂ ವಿಚಾರಣೆಗೆ ತೆಗೆದುಕೊಂಡಿತು. ಫಾರ್ಮಸಿ ಎಂಬ ಪ್ರತ್ಯೇಕ ವೃತ್ತಿಯೇ ಈ ದೇಶದಲ್ಲಿ ಬೆಳೆದಿಲ್ಲ, ಆ ತೆರವನ್ನು ಕಂಪೌಂಡರರೆಂಬ ಒಂದು ವರ್ಗ ಹೇಗೋ ತುಂಬುತ್ತಿದೆ ಎಂಬುದು ಸಮಿತಿ ಕಂಡ ಸ್ಥಿತಿ. ಯಾರು ಬೇಕಾದರೂ ಅಂಗಡಿ ತೆರೆದು ಮದ್ದು ಬೆರೆಸಿ ಮಾರಬಹುದಾಗಿತ್ತು. ತಡೆಯುವ ಕಾನೂನು ದೇಶಕ್ಕೆಲ್ಲ ಅನ್ವಯಿಸುವಂತೆ ಒಂದೂ ಇರಲಿಲ್ಲ.

ಸಮಿತಿಯ ಸಲಹೆಗಳು ಸ್ಪಷ್ಟವಾಗಿದ್ದವು. ಔಷಧಗಳ ಮೇಲೂ ಫಾರ್ಮಸಿ ವೃತ್ತಿಯ ಮೇಲೂ ಹತೋಟಿಯಿಡಲು ಇಡೀ ದೇಶಕ್ಕೆ ಒಂದು ಕಾನೂನು ಬೇಕು. ಔಷಧಗಳನ್ನು ಪರೀಕ್ಷಿಸುವ ಪ್ರಯೋಗಶಾಲೆಗಳು ಬೇಕು. ಮದ್ದು ಕೊಡುವವರಿಗೆ ಕ್ರಮಬದ್ಧ ಶಿಕ್ಷಣ ಬೇಕು. ಶಿಕ್ಷಣ ಪಡೆದವರ ಹೆಸರನ್ನು ಬರೆದಿಡುವ ಅಧಿಕೃತ ರಿಜಿಸ್ಟರ್ ಬೇಕು.

ಕಾಯುವಿಕೆಯ ವರ್ಷಗಳು

ವರದಿ ಸರಕಾರದ ಕೈಸೇರಿದ ಮಾತ್ರಕ್ಕೆ ಕಾನೂನಾಗಲಿಲ್ಲ. ಒಂಬತ್ತು ವರ್ಷ ಅದು ಕಡತಗಳಲ್ಲಿಯೇ ಉಳಿಯಿತು. ಆದರೆ ಕೆಲಸ ಪೂರ್ತಿ ನಿಲ್ಲಲಿಲ್ಲ. 1932ರಲ್ಲಿ ಕಾಶಿಯ ಹಿಂದೂ ವಿಶ್ವವಿದ್ಯಾಲಯದಲ್ಲಿ ಮಹಾದೇವ ಲಾಲ್ ಶ್ರಾಫ್ ಅವರ ಪ್ರಯತ್ನದಿಂದ ಈ ವಿಷಯದ ಬೋಧನೆ ಆರಂಭವಾಗಿ, 1937ರಲ್ಲಿ ಬಿ.ಫಾರ್ಮ್ ಪದವಿ ತರಗತಿ ಬಂತು. ಅದೇ 1937ರಲ್ಲಿ ಕಲ್ಕತ್ತೆಯಲ್ಲಿ ಔಷಧಗಳ ಗುಣಮಟ್ಟ ನೋಡುವ ಸರಕಾರಿ ಪ್ರಯೋಗಶಾಲೆ ಚೋಪ್ರಾರ ಮೇಲ್ವಿಚಾರಣೆಯಲ್ಲಿ ತೆರೆಯಿತು.

1940ರಲ್ಲಿ ಔಷಧಗಳ ಕಾಯಿದೆ ಜಾರಿಗೆ ಬಂತು, 1945ರಲ್ಲಿ ಅದರ ನಿಯಮಗಳು ಬಂದವು. ಮದ್ದಿನ ಆಮದು, ತಯಾರಿ, ಮಾರಾಟಕ್ಕೆ ಲೈಸನ್ಸು, ತಪಾಸಣೆ ಎಲ್ಲವೂ ಇದರಿಂದ ಬಂದಂಥವು. ಆದರೆ ಮದ್ದು ಕೊಡುವ ಮನುಷ್ಯನ ಶಿಕ್ಷಣ ಮತ್ತು ನಡತೆಯ ಮಾತು ಇನ್ನೂ ಬಾಕಿ ಉಳಿದಿತ್ತು. ಚೋಪ್ರಾ 1941ರಲ್ಲಿ ಕಲ್ಕತ್ತೆಯ ಹುದ್ದೆಯಿಂದ ನಿವೃತ್ತರಾದರು. ಸರ್ ಪದವಿಯೂ ಅದೇ ವರ್ಷ ಬಂತು. ಸ್ವಾತಂತ್ರ್ಯ ಬಂದ ಮರುವರ್ಷ, 1948ರ ಮಾರ್ಚ್ 4ರಂದು ಫಾರ್ಮಸಿ ಕಾಯಿದೆಗೆ ಅಂಕಿತ ಬಿತ್ತು. ವರದಿ ಒಪ್ಪಿಸಿ ಆಗ ಹದಿನೇಳು ವರ್ಷ ಸಂದಿತ್ತು. 1949ರಲ್ಲಿ ಭಾರತೀಯ ಫಾರ್ಮಸಿ ಮಂಡಲಿ ರಚನೆಯಾಗಿ, 1953ರಲ್ಲಿ ಶಿಕ್ಷಣದ ಮೊದಲ ನಿಯಮಾವಳಿ ಹೊರಬಿತ್ತು.

ಈ ಕಾಯಿದೆಯ ತಿರುಳನ್ನು ಸರಳವಾಗಿ ಹೀಗೆ ಹೇಳಬಹುದು. ಯಾವ ಪಾಠ ಓದಬೇಕು, ಎಷ್ಟು ಕಾಲ ಕೈಕೆಲಸ ಕಲಿಯಬೇಕು ಎಂಬುದನ್ನು ಕೇಂದ್ರದ ಮಂಡಲಿ ಗೊತ್ತುಪಡಿಸುತ್ತದೆ. ತೇರ್ಗಡೆಯಾದವರ ಹೆಸರನ್ನು ಆಯಾ ರಾಜ್ಯದ ರಿಜಿಸ್ಟರಿನಲ್ಲಿ ಬರೆಯಲಾಗುತ್ತದೆ. ವೃತ್ತಿಗೆ ಕಳಂಕ ತರುವಂತೆ ನಡೆದುಕೊಂಡವರ ಹೆಸರನ್ನು ವಿಚಾರಣೆ ನಡೆಸಿ ತೆಗೆದುಹಾಕಲು ಅವಕಾಶವಿದೆ. ಡಾಕ್ಟರರ ಚೀಟಿಯಂತೆ ಮದ್ದು ಬೆರೆಸಿ ಕೊಡುವ ಕೆಲಸವನ್ನು ರಿಜಿಸ್ಟರಿನಲ್ಲಿ ಹೆಸರಿಲ್ಲದವರು ಮಾಡುವಂತಿಲ್ಲ. ಡಾಕ್ಟರರು ತಮ್ಮ ಸ್ವಂತ ರೋಗಿಗಳಿಗೆ ಕೊಡುವ ಮದ್ದಿಗೆ ಮಾತ್ರ ವಿನಾಯಿತಿ.

ಹಾಗಾದರೆ ಪರೀಕ್ಷೆ ಬರೆಯದೆ, ಗುರುವಿನ ಕೈಕೆಳಗೆ ನೋಡಿ ನೋಡಿ ಕಲಿತು, ತಲೆ ನರೆಯುವ ತನಕ ಊರಿಗೆ ಮದ್ದು ಕೊಟ್ಟ ಕಂಪೌಂಡರರ ಗತಿ? ಕಾನೂನು ಅವರನ್ನು ಬೀದಿಗೆ ತಳ್ಳಲಿಲ್ಲ. ಮೊದಲ ರಿಜಿಸ್ಟರ್ ಮಾಡುವಾಗ, ಗೊತ್ತುಪಡಿಸಿದ ದಿನಕ್ಕೆ ಹಿಂದೆ ಐದು ವರ್ಷಕ್ಕೆ ಕಡಿಮೆಯಿಲ್ಲದಂತೆ ಆಸ್ಪತ್ರೆಯಲ್ಲೋ ಔಷಧಾಲಯದಲ್ಲೋ ಮದ್ದು ಬೆರೆಸಿದವರಿಗೂ ಅದರಲ್ಲಿ ಜಾಗವಿತ್ತು. ಅನುಭವಕ್ಕೆ ಮನ್ನಣೆ, ಮುಂದಿನವರಿಗೆ ಶಿಕ್ಷಣ ಎಂಬುದು ಇದರ ನ್ಯಾಯ. ಹೆಸರಿಲ್ಲದವರು ಮದ್ದು ಕೊಡಬಾರದೆಂಬ ನಿಷೇಧವನ್ನು ಜಾರಿಗೆ ತರಲು ರಾಜ್ಯಗಳಿಗೆ ಸಾವಕಾಶವಾಗಿ ಸಮಯ ಕೊಡುತ್ತ ಬಂದರು. ದಿನ ಗೊತ್ತುಪಡಿಸದೆ ಉಳಿದ ರಾಜ್ಯಗಳಿಗೆ ಕೊನೆಯ ಗಡು 1984ರ ಸೆಪ್ಟೆಂಬರ್ 1. ಚೋಪ್ರಾ ಸಮಿತಿ ನೇಮಕವಾಗಿ ಆಗ ಐವತ್ತನಾಲ್ಕು ವರ್ಷ ಕಳೆದಿತ್ತು.

ಗಡಿ ಸರಿದಾಗ

ಇನ್ನು ನಮ್ಮ ಮನೆಯ ಮಾತು. ರಿಜಿಸ್ಟರ್ ಇರುವುದು ರಾಜ್ಯಕ್ಕೊಂದು. ರಾಜ್ಯವೇ ಬದಲಾದರೆ? 1956ರ ನವೆಂಬರ್ 1ರಂದು ಆದದ್ದು ಅದುವೇ. ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಅದೇ ದಿನ ಹೈದರಾಬಾದ್ ರಾಜ್ಯ ಒಡೆಯಿತು. ಬೀದರ ಜಿಲ್ಲೆಯ ನಾರಾಯಣಖೇಡ ತಾಲೂಕು, ನಿರ್ಣಾ ವೃತ್ತವೊಂದನ್ನು ಬಿಟ್ಟು ಉಳಿದ ಜಹೀರಾಬಾದ್ ತಾಲೂಕು, ಬೀದರ ತಾಲೂಕಿನ ನ್ಯಾಲಕಲ್ ವೃತ್ತ, ಗುಲ್ಬರ್ಗಾ ಜಿಲ್ಲೆಯ ತಾಂಡೂರು ಮತ್ತು ಕೊಡಂಗಲ್ ತಾಲೂಕುಗಳು ಆಂಧ್ರ ಪ್ರದೇಶದ ಪಾಲಾದವು. ಬೀದರ, ಗುಲ್ಬರ್ಗಾಗಳು ಮೈಸೂರು ರಾಜ್ಯಕ್ಕೆ ಬಂದವು. ನೆಂಟರು ಆಚೆ, ಮನೆ ಈಚೆ. ನಮಗೆ ಮದ್ರಾಸು ತಪ್ಪಿ ತಿರುವನಂತಪುರ ರಾಜಧಾನಿಯಾದರೆ, ಅವರಿಗೆ ರಾಜಧಾನಿ ಹೈದರಾಬಾದೇ ಉಳಿದರೂ ರಾಜ್ಯವೂ, ಜಿಲ್ಲೆಯೂ, ಕಚೇರಿಯ ಭಾಷೆಯೂ ಬೇರೆಯಾದವು. 2014ರಲ್ಲಿ ತೆಲಂಗಾಣ ಹುಟ್ಟಿದಾಗ ಮತ್ತೊಮ್ಮೆ ರಾಜ್ಯದ ಹೆಸರು ಬದಲಾಯಿತು. ಈಗ ಜಹೀರಾಬಾದ್, ನಾರಾಯಣಖೇಡಗಳು ಸಂಗಾರೆಡ್ಡಿ ಜಿಲ್ಲೆಯಲ್ಲೂ ತಾಂಡೂರು ವಿಕಾರಾಬಾದ್ ಜಿಲ್ಲೆಯಲ್ಲೂ ಇವೆ.

ಜಮೀನಿನ ದಾಖಲೆ, ಶಾಲೆಯ ಮಾಧ್ಯಮ, ಕಚೇರಿಯ ಅರ್ಜಿ ಇವುಗಳ ತೊಡಕು ನಮಗೆಲ್ಲ ಗೊತ್ತಿರುವುದೇ. ಮದ್ದು ಕೊಡುವವನ ಅನ್ನದ ಪ್ರಶ್ನೆಯೂ ಅವುಗಳೊಂದಿಗೆ ಇತ್ತು. ಹಳೆಯ ರಾಜ್ಯದಲ್ಲಿ ಯೋಗ್ಯನೆನಿಸಿದ ಕಂಪೌಂಡರನೊಬ್ಬ ಕೂತ ಜಾಗದಿಂದ ಏಳದೆಯೇ ಬೇರೆ ರಾಜ್ಯದ ಪ್ರಜೆಯಾದ. ಅವನ ಜಾಡಿಗಳು ಅವೇ, ರೋಗಿಗಳು ಅವರೇ, ಕೈಚಳಕವೂ ಅದೇ. ಆದರೆ ಹೊಸ ರಾಜ್ಯದ ರಿಜಿಸ್ಟರಿನಲ್ಲಿ ಅವನ ಹೆಸರಿಲ್ಲ, ಅಲ್ಲಿ ಕೇಳುವ ಅರ್ಹತೆ ಅವನಲ್ಲಿ ಇಲ್ಲದಿರಲೂಬಹುದು.

ಸಂಸತ್ತು 1959ರಲ್ಲಿ ಫಾರ್ಮಸಿ ಕಾಯಿದೆಗೆ ತಿದ್ದುಪಡಿ ತಂದು ಈ ಗಂಟನ್ನು ಬಿಡಿಸಿತು. 1956ರ ನವೆಂಬರ್ 1ಕ್ಕೆ ಮುಂಚಿನ ರಾಜ್ಯದ ರಿಜಿಸ್ಟರಿನಲ್ಲಿ ಹೆಸರಿದ್ದು, ತಾನು ವಾಸಿಸುವ ಪ್ರದೇಶ ಹೊಸ ರಾಜ್ಯಕ್ಕೆ ಸೇರಿದ ಕಾರಣದಿಂದ ಅಲ್ಲಿನವನಾದವನ ಹೆಸರನ್ನು ಹೊಸ ರಾಜ್ಯದ ಮಂಡಲಿ ಬರೆದುಕೊಳ್ಳಬಹುದೆಂದು ವಿಶೇಷ ವಿಧಿ ಸೇರಿತು. ಹಳೆಯ ರಾಜ್ಯದಲ್ಲಿ ಹೆಸರು ಬರೆಸಲು ಅರ್ಹತೆ ಇದ್ದು, ಪ್ರದೇಶ ಕೈಬದಲಾದ್ದರಿಂದ ಮಾತ್ರ ಹೊಸ ರಾಜ್ಯದ ಪರೀಕ್ಷೆಯ ಶರತ್ತಿಗೆ ಸಿಕ್ಕಿಬಿದ್ದವರಿಗೂ ದಾರಿ ತೆರೆಯಿತು. ದೇಶವಿಭಜನೆಯಲ್ಲಿ ಮನೆಮಠ ಕಳೆದುಕೊಂಡು ಬಂದ ಔಷಧ ವೃತ್ತಿಯವರನ್ನೂ ಇದೇ ವಿಧಿ ನೆನೆದಿದೆ. ಊರಿನ ಹೆಸರುಗಳನ್ನು ಕಾಯಿದೆ ಹೇಳುವುದಿಲ್ಲ. ಆದರೆ ಅದನ್ನು ಓದುವ ಗಡಿನಾಡ ಕನ್ನಡಿಗನಿಗೆ ಕಾಸರಗೋಡು, ಜಹೀರಾಬಾದ್, ತಾಂಡೂರುಗಳ ಹೆಸರು ಸಾಲುಗಳ ನಡುವೆ ಕಾಣದೆ ಇರಲಾರದು. ರಾಜ್ಯದ ಗೆರೆ ಸರಿದರೂ ಕಲಿತ ವಿದ್ಯೆ ಸರಿಯುವುದಿಲ್ಲವೆಂದು ಕಾನೂನೇ ಒಪ್ಪಿದ ಪ್ರಸಂಗವಿದು.

ಕೊನೆಯ ದಿನಗಳು

ನಿವೃತ್ತಿಯ ನಂತರ ಚೋಪ್ರಾ ವಿಶ್ರಾಂತಿ ಬಯಸಲಿಲ್ಲ. ಜಮ್ಮು ಕಾಶ್ಮೀರದ ಔಷಧ ಸಂಶೋಧನಾಲಯದ ನಿರ್ದೇಶಕರಾಗಿ ಗಿಡಮೂಲಿಕೆಗಳ ಶೋಧನೆಯನ್ನು ಮುಂದುವರಿಸಿದರು. 1946ರಲ್ಲಿ ಪ್ರಕಟವಾದ ಭಾರತೀಯ ಔಷಧಗಳ ಅಧಿಕೃತ ಪಟ್ಟಿಯನ್ನು ಸಿದ್ಧಪಡಿಸಿದ ಸಮಿತಿಗೂ ಅವರೇ ಅಧ್ಯಕ್ಷರು. ಆಯುರ್ವೇದ, ಯುನಾನಿ ಮೊದಲಾದ ಪದ್ಧತಿಗಳ ವಿಚಾರವಾಗಿ ಸರಕಾರ ನೇಮಿಸಿದ ಸಮಿತಿಯ ನೇತೃತ್ವವನ್ನೂ ವಹಿಸಿ 1948ರಲ್ಲಿ ವರದಿ ಕೊಟ್ಟರು. ಪಾಶ್ಚಾತ್ಯ ಮತ್ತು ದೇಶೀಯ ವೈದ್ಯಗಳು ಒಂದನ್ನೊಂದು ಅರಿತು ನಡೆಯಬೇಕೆಂಬುದು ಆ ವರದಿಯ ಸಾರ. ಭಾರತದ ಔಷಧ ಸಸ್ಯಗಳ ಕೋಶವನ್ನು ಸಂಗಡಿಗರೊಂದಿಗೆ ಸೇರಿ 1956ರಲ್ಲಿ ಹೊರತಂದರು. 1973ರ ಜೂನ್ 13ರಂದು, ತೊಂಬತ್ತು ತುಂಬಿದ ಮೇಲೆ, ಅವರು ಕಾಲವಾದರು. 1983ರಲ್ಲಿ ಅಂಚೆ ಇಲಾಖೆ ಅವರ ಚಿತ್ರವಿರುವ ಅಂಚೆಚೀಟಿ ಹೊರಡಿಸಿತು. ಭಾರತೀಯ ಫಾರ್ಮಕಾಲಜಿಯ ಜನಕನೆಂದು ವಿದ್ವಾಂಸರು ಅವರನ್ನು ನೆನೆಯುತ್ತಾರೆ.

ನಮಗೆ ಉಳಿದಿರುವ ಪಾಠ

ಇಂದು ಕಿಂಡಿಯ ಕಂಪೌಂಡರರು ಇಲ್ಲ, ಕಚ್ಚು ಹಾಕಿದ ಕಾಗದವೂ ಇಲ್ಲ. ಕಾರ್ಖಾನೆಯಲ್ಲಿ ಸಿದ್ಧವಾದ ಮಾತ್ರೆಯ ಪಟ್ಟಿ ನೇರವಾಗಿ ಕೈಗೆ ಬರುತ್ತದೆ. ಆದರೆ ಮದ್ದು ಕೊಡುವ ಕೈಯ ಹೊಣೆ ಕಡಿಮೆಯಾಗಿಲ್ಲ. ಈಗ ಡಿಪ್ಲೊಮಾ ಮಾಡುವವರು ಹನ್ನೆರಡನೆಯ ತರಗತಿಯ ಮೇಲೆ ಎರಡು ವರ್ಷ ಓದಿ, ಐನೂರು ಗಂಟೆಗಳ ಕೈಕೆಲಸವನ್ನೂ ಕಲಿಯಬೇಕು. 2015ರ ವೃತ್ತಿ ನಿಯಮಾವಳಿ ಫಾರ್ಮಸಿಸ್ಟರ ನಡತೆಯನ್ನು ವಿವರವಾಗಿ ಹೇಳಿದೆ. ಚೀಟಿಯನ್ನು ಪರಿಶೀಲಿಸುವುದು, ಮದ್ದನ್ನು ಹೇಗೆ ತೆಗೆದುಕೊಳ್ಳಬೇಕೆಂದು ರೋಗಿಗೆ ತಿಳಿಸಿ ಹೇಳುವುದು ಅವರ ಕರ್ತವ್ಯ. ಚೀಟಿಯ ಮದ್ದನ್ನು ಫಾರ್ಮಸಿಸ್ಟರೇ, ಇಲ್ಲವೆ ಅವರ ಕಣ್ಣೆದುರಿನಲ್ಲಿಯೇ ಕೊಡಬೇಕೆಂಬುದು ಔಷಧ ನಿಯಮ.

ಆದರೆ ತಿಳಿಸಿ ಹೇಳುವುದು ಯಾವ ಭಾಷೆಯಲ್ಲಿ? ಮಾತ್ರೆಯ ಪಟ್ಟಿಯ ಮೇಲಿನ ಬರಹ ಸಾಮಾನ್ಯವಾಗಿ ಇಂಗ್ಲಿಷು. ಅಂಗಡಿಯ ಮಾತು ಇಲ್ಲಿ ಮಲೆಯಾಳ, ಅಲ್ಲಿ ತೆಲುಗು. ಮನೆಯಲ್ಲಿ ಕನ್ನಡವನ್ನಷ್ಟೇ ಬಲ್ಲ ವೃದ್ಧರು ತಲೆಯಾಡಿಸಿ ಮದ್ದು ತೆಗೆದುಕೊಂಡು ಬಂದು, ದಿನಕ್ಕೆರಡೋ ಎರಡು ದಿನಕ್ಕೊಂದೋ ಎಂದು ಮೊಮ್ಮಗನನ್ನು ಕೇಳುವುದುಂಟು. ಅರ್ಥವಾಗದ ಸೂಚನೆ ಕೊಡದ ಸೂಚನೆಗೆ ಸಮ. ಹಳೆಯ ಕಾಗದದ ಕಚ್ಚಿಗೆ ಇದ್ದ ಒಂದು ದೊಡ್ಡ ಗುಣ ಅದಕ್ಕೆ ಭಾಷೆಯ ಹಂಗಿರಲಿಲ್ಲ ಎಂಬುದು.

ಆದ್ದರಿಂದ ನಮ್ಮ ಕುಟುಂಬಗಳು ಎರಡು ಮಾತುಗಳನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದೊಳ್ಳೆಯದು. ಮೊದಲನೆಯದು, ಮದ್ದಿನಂಗಡಿಯಲ್ಲಿ ಫಾರ್ಮಸಿಸ್ಟರು ಯಾರೆಂದು ಕೇಳಿ, ತಿಳಿಯದಿದ್ದರೆ ಮತ್ತೊಮ್ಮೆ ಹೇಳಿಸಿಕೊಂಡು, ಮನೆಯ ಹಿರಿಯರಿಗಾಗಿ ಪೊಟ್ಟಣದ ಮೇಲೆ ಕನ್ನಡದಲ್ಲಿ ಹೊತ್ತು ಮತ್ತು ಅಳತೆಯನ್ನು ಬರೆದುಕೊಳ್ಳಲು ನಾಚಬೇಕಾಗಿಲ್ಲ. ಕೇಳುವುದು ರೋಗಿಯ ಹಕ್ಕು, ಹೇಳುವುದು ಅವರ ಧರ್ಮ. ಎರಡನೆಯದು, ಮಕ್ಕಳು ಏನು ಓದಬೇಕೆಂದು ಯೋಚಿಸುವಾಗ ಡಾಕ್ಟರ್, ಇಂಜಿನಿಯರ್ ಎಂದಷ್ಟೇ ನೋಡದೆ ಈ ವೃತ್ತಿಯನ್ನೂ ಗಮನಿಸಬೇಕು. ಊರಿನ ಮದ್ದಿನಂಗಡಿಯಲ್ಲಿ ಕನ್ನಡ, ಮಲೆಯಾಳ, ತುಳು ಎಲ್ಲವನ್ನೂ ಬಲ್ಲ ಕಲಿತ ಹುಡುಗನೋ ಹುಡುಗಿಯೋ ನಿಂತರೆ ಅದು ಎಷ್ಟೋ ಮನೆಗಳಿಗೆ ಆಸರೆ. ತಾಂಡೂರಿನಲ್ಲಿ ಕನ್ನಡ, ತೆಲುಗು, ಉರ್ದು ಬಲ್ಲವರು ನಿಂತರೂ ಹಾಗೆಯೇ.

ಮುಂದಿನ ಸಲ ಮದ್ದಿನಂಗಡಿಗೆ ಹೋದಾಗ ಗೋಡೆಯ ಮೇಲೆ ಚೌಕಟ್ಟು ಹಾಕಿ ತೂಗಿದ ಪ್ರಮಾಣಪತ್ರದ ಕಡೆಗೆ ಒಮ್ಮೆ ಕಣ್ಣು ಹಾಯಿಸಿರಿ. ಅದರಲ್ಲಿರುವ ಹೆಸರು ಯಾರದೇ ಇರಲಿ, ಆ ಚೌಕಟ್ಟಿನ ಹಿಂದೆ ಗುಜ್ರನ್‌ವಾಲಾದಲ್ಲಿ ಹುಟ್ಟಿದ ಒಬ್ಬ ವೈದ್ಯರ ಶ್ರಮವಿದೆ. ಗಡಿ ಸರಿದಾಗಲೂ ಕಲಿತವನ ಕೈಬಿಡದ ಒಂದು ಕಾನೂನಿನ ನೆನಪೂ ಇದೆ.